ಔಷಧಕ್ಕೆ ಮಣಿಯದ ಜ್ವರ: ಗುರುತಿಸುವ ಬಗೆ

(ಮಿರ್ಕಾಬಿನಲ್ಲಿ ಸೇರಿದ ಕೂಟದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ನಮ್ಮವರು ವೈದ್ಯರನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ. "ಆಂಟಿಬಯಾಟಿಕ್ ಮಾತ್ರೆ ತೆಗೆದುಕೊಂಡರೂ ಜ್ವರ ಇಳಿಯುತ್ತಿಲ್ಲ. ಪತ್ರಿಕೆಗಳಲ್ಲಿ ಬರೆಯುತ್ತಾರಲ್ಲ, ಔಷಧಕ್ಕೆ ಬಗ್ಗದ ರೋಗಾಣು ಎಂದು, ಇದು ಅದೇ ಇರಬಹುದೇ? ಅದರ ಲಕ್ಷಣಗಳೇನು?" ಇಂದಿನ ಉಪನ್ಯಾಸಕ್ಕೆ ಈ ಪ್ರಶ್ನೆಯನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಔಷಧನಿರೋಧಕ ಸೋಂಕಿಗೆ ತನ್ನದೇ ಆದ ಪ್ರತ್ಯೇಕ ಲಕ್ಷಣವಿಲ್ಲ. ಔಷಧಕ್ಕೆ ಬಗ್ಗುವ ರೋಗಾಣುವಿನಿಂದ ಬಂದ ಜ್ವರವೂ, ಬಗ್ಗದ ರೋಗಾಣುವಿನಿಂದ ಬಂದ ಜ್ವರವೂ ಮೊದಲ ದಿನ ಒಂದೇ ತೆರನಾಗಿರುತ್ತವೆ. ನಾಲಿಗೆ ನೋಡಿ, ನಾಡಿ ಹಿಡಿದು, ಹೊಟ್ಟೆ ಮುಟ್ಟಿ ಇವೆರಡನ್ನು ಬೇರ್ಪಡಿಸಬಲ್ಲ ವೈದ್ಯರು ಯಾರೂ ಇಲ್ಲ. ಅದನ್ನು ಗುರುತಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಔಷಧ ಆರಂಭಿಸಿದ ಮೇಲೆ ರೋಗ ದಿನದಿಂದ ದಿನಕ್ಕೆ ಹೇಗೆ ನಡೆದುಕೊಳ್ಳುತ್ತದೆ ಎಂಬ ಲೆಕ್ಕ. ಇನ್ನೊಂದು, ಔಷಧ ಆರಂಭಿಸುವ ಮೊದಲೇ ತೆಗೆದಿಟ್ಟ ರಕ್ತ, ಮೂತ್ರ ಅಥವಾ ಕೀವಿನ ಕಲ್ಚರ್ ಪರೀಕ್ಷೆ. ಮೊದಲನೆಯದು ರೋಗಿಯ ಮತ್ತು ಮನೆಯವರ ಕೈಯಲ್ಲಿದೆ. ಎರಡನೆಯದು ಪ್ರಯೋಗಾಲಯದ ಕೆಲಸವಾದರೂ ಅದು ಫಲಿಸುವುದೂ ಕೆಡುವುದೂ ಬಹುಮಟ್ಟಿಗೆ ನಮ್ಮ ನಡತೆಯಿಂದಲೇ.

ನಿರೋಧಕತೆ ಎಂದರೇನು?

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸೋಣ. "ನನ್ನ ಮೈಗೆ ಈ ಔಷಧ ಒಗ್ಗಿಹೋಗಿದೆ, ಅದಕ್ಕೇ ನಾಟುವುದಿಲ್ಲ" ಎಂದು ಅನೇಕರು ಹೇಳುವುದುಂಟು. ಒಗ್ಗುವುದು ನಮ್ಮ ಮೈಗಲ್ಲ, ರೋಗಾಣುವಿಗೆ. ಲಕ್ಷಾಂತರ ಬ್ಯಾಕ್ಟೀರಿಯಾಗಳ ನಡುವೆ ಕೆಲವಕ್ಕೆ ಔಷಧವನ್ನು ಒಡೆದುಹಾಕುವ, ಹೊರಗೆ ತಳ್ಳುವ ಅಥವಾ ಅದರ ಹಿಡಿತಕ್ಕೆ ಸಿಗದಿರುವ ಶಕ್ತಿ ಇರುತ್ತದೆ. ಔಷಧ ಮಿಕ್ಕವನ್ನು ಕೊಂದಾಗ ಇವು ಉಳಿದು ಬೆಳೆಯುತ್ತವೆ. ಅಷ್ಟೇ ಅಲ್ಲ, ಈ ವಿದ್ಯೆಯನ್ನು ಬರೆದಿಟ್ಟ ಪ್ಲಾಸ್ಮಿಡ್ ಎಂಬ ಪುಟ್ಟ ವಂಶವಾಹಿ ಉಂಗುರವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ, ಕೆಲವೊಮ್ಮೆ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ, ಚೀಟಿ ದಾಟಿಸಿದಂತೆ ದಾಟಿಸುತ್ತದೆ. ಆದುದರಿಂದ ಜೀವಮಾನದಲ್ಲಿ ಒಂದೇ ಒಂದು ಮಾತ್ರೆ ನುಂಗದವನಿಗೂ ಬೇರೆಯವರಿಂದ ನಿರೋಧಕ ರೋಗಾಣು ಅಂಟಬಹುದು.

ಇದು ಮುಂದಾಗಿ ಕಂಡ ಅಪಾಯ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರ ನೊಬೆಲ್ ಉಪನ್ಯಾಸದಲ್ಲಿಯೇ, ಕಡಿಮೆ ಪ್ರಮಾಣದಲ್ಲಿ ಔಷಧ ಸೇವಿಸಿದರೆ ರೋಗಾಣುಗಳು ಅದನ್ನು ತಡೆದುಕೊಳ್ಳಲು ಕಲಿಯುತ್ತವೆಂದು ಎಚ್ಚರಿಸಿದ್ದರು. 2019ರ ಒಂದೇ ವರ್ಷದಲ್ಲಿ ಔಷಧನಿರೋಧಕ ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ ಸಂಭವಿಸಿದ ಸಾವುಗಳು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಎಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ವಿಷಮಶೀತಜ್ವರದ ಪಾಠ

ಊರಿಗೂ ಕುವೈತಿಗೂ ನಡುವೆ ಓಡಾಡುವ ನಮ್ಮಂಥವರಿಗೆ ಈ ವಿಷಯವನ್ನು ತಿಳಿಯಲು ವಿಷಮಶೀತಜ್ವರಕ್ಕಿಂತ, ಅಂದರೆ ಟೈಫಾಯ್ಡ್‌ಗಿಂತ, ಒಳ್ಳೆಯ ಉದಾಹರಣೆ ಸಿಗಲಾರದು.

ನಮ್ಮ ಅಜ್ಜಿಯರ ಕಾಲದಲ್ಲಿ ಇದು ವಾರಗಟ್ಟಲೆ ಕಾಡುವ ಜ್ವರವಾಗಿತ್ತು. ಲಂಘನ, ಗಂಜಿ ತಿಳಿ, ಬಾರ್ಲಿ ನೀರು, ದೇವರಿಗೆ ಹರಕೆ, ಇವಿಷ್ಟೇ ಚಿಕಿತ್ಸೆ. ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿ ಸಾಯುತ್ತಿದ್ದರು. 1948ರಲ್ಲಿ ಕ್ಲೋರಾಂಫೆನಿಕಾಲ್ ಈ ಜ್ವರಕ್ಕೆ ಮದ್ದೆಂದು ತಿಳಿದಾಗ ಚಿತ್ರವೇ ಬದಲಾಯಿತು. ಕ್ಲೋರೋಮೈಸಿಟಿನ್ ಎಂಬ ಹೆಸರು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಆದರೆ ಆ ನೆಮ್ಮದಿ ಕಾಲು ಶತಮಾನವೂ ಬಾಳಲಿಲ್ಲ. 1972ರಲ್ಲಿ ಮೆಕ್ಸಿಕೋದಲ್ಲಿಯೂ, ನಮ್ಮ ನೆರೆಯ ಕೇರಳದ ಕಲ್ಲಿಕೋಟೆಯಲ್ಲಿಯೂ ಕ್ಲೋರಾಂಫೆನಿಕಾಲ್‌ಗೆ ಬಗ್ಗದ ಟೈಫಾಯ್ಡ್ ಕಾಣಿಸಿಕೊಂಡಿತು. 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದ ಹೊತ್ತಿಗೆ ಭಾರತದಲ್ಲಿ ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಈ ಮೂರಕ್ಕೂ ಮಣಿಯದ ತಳಿಗಳು ಹರಡಿದವು. ಆಗ ವೈದ್ಯರು ಸಿಪ್ರೊಫ್ಲಾಕ್ಸಸಿನ್ ಕಡೆಗೆ ತಿರುಗಿದರು. ಅದು ಅಗ್ಗವಾಯಿತು, ಪ್ರತಿ ಔಷಧದಂಗಡಿಯಲ್ಲಿಯೂ ಸಿಕ್ಕಿತು, ನೆಗಡಿಗೂ ಭೇದಿಗೂ ನುಂಗಲ್ಪಟ್ಟಿತು. ಕೆಲವೇ ವರ್ಷಗಳಲ್ಲಿ ಅದರ ಮೊನಚೂ ಮೊಂಡಾಯಿತು.

ಕುವೈತಿನ ಅನುಭವ ಇಲ್ಲಿ ಪ್ರಸ್ತುತವಾಗುತ್ತದೆ. ಇಲ್ಲಿಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಟೈಫಾಯ್ಡ್ ರೋಗಿಗಳ ಕುರಿತು 2007ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ರೋಗಿಗಳಲ್ಲಿ ಬಹುಪಾಲು ಭಾರತ ಉಪಖಂಡದವರು. ಅನೇಕರ ರೋಗಾಣುಗಳಲ್ಲಿ ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗುವ ಗುಣ ಕುಂದಿತ್ತು. ಅಂಥವರಲ್ಲಿ ಆ ಔಷಧದಿಂದ ಚಿಕಿತ್ಸೆ ಸೋಲುವುದನ್ನೂ ಅಲ್ಲಿಯ ವೈದ್ಯರು ಕಂಡರು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಆ ಕಾಲದ ಅಳತೆಗೋಲಿನ ಪ್ರಕಾರ ಇಂಥ ಎಷ್ಟೋ ರೋಗಾಣುಗಳನ್ನು ಪ್ರಯೋಗಾಲಯಗಳು "ಸಿಪ್ರೊಫ್ಲಾಕ್ಸಸಿನ್‌ಗೆ ಸೆನ್ಸಿಟಿವ್" ಎಂದೇ ವರದಿ ಮಾಡುತ್ತಿದ್ದವು. ವರದಿ ಸರಿ, ಔಷಧ ಸರಿ, ಆದರೆ ಜ್ವರ ಇಳಿಯದು. ನ್ಯಾಲಿಡಿಕ್ಸಿಕ್ ಆಮ್ಲವೆಂಬ ಹಳೆಯ ಔಷಧಕ್ಕೆ ಬಗ್ಗದ ರೋಗಾಣುವು ಸಿಪ್ರೊಫ್ಲಾಕ್ಸಸಿನ್‌ಗೂ ಅರೆಮನಸ್ಸಿನಿಂದಲೇ ಬಗ್ಗುತ್ತದೆ ಎಂಬುದು ಕ್ರಮೇಣ ಖಚಿತವಾಯಿತು. ಬಹಳಷ್ಟು ದೇಶಗಳ ಪ್ರಯೋಗಾಲಯಗಳು ಅನುಸರಿಸುವ ಅಮೆರಿಕದ ಮಾನದಂಡಗಳಲ್ಲಿ 2012ರಲ್ಲಿ ಈ ಅಳತೆಯನ್ನು ಬಿಗಿಗೊಳಿಸಲಾಯಿತು. ಕಾಗದದ ಮೇಲಿನ ವರದಿಗಿಂತ ಮೊದಲೇ ಸತ್ಯವನ್ನು ಹೇಳಿದ್ದು ರೋಗಿಯ ಹಾಸಿಗೆಯ ಬಳಿ ನೇತುಹಾಕಿದ್ದ ಜ್ವರದ ಪಟ್ಟಿ ಎಂಬುದನ್ನು ನಾವು ಮರೆಯಬಾರದು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. 2016ರ ಕೊನೆಯಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಹಳೆಯ ಮೂರು ಔಷಧಗಳಿಗೂ, ಸಿಪ್ರೊಫ್ಲಾಕ್ಸಸಿನ್‌ಗೂ, ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಿಗೂ ಬಗ್ಗದ ಟೈಫಾಯ್ಡ್ ಎದ್ದಿತು. ಬಾಯಿಯ ಮೂಲಕ ಕೊಡಬಹುದಾದ ಔಷಧಗಳಲ್ಲಿ ಕೈಯಲ್ಲಿ ಉಳಿದದ್ದು ಬಹುಮಟ್ಟಿಗೆ ಅಜಿತ್ರೋಮೈಸಿನ್ ಒಂದೇ. ರೋಗ ತೀವ್ರವಾದರೆ ದುಬಾರಿಯಾದ ಕಾರ್ಬಪೆನೆಮ್ ಚುಚ್ಚುಮದ್ದು. ಪ್ರಯಾಣಿಕರೊಡನೆ ಈ ತಳಿ ಬೇರೆ ದೇಶಗಳಿಗೂ ಹೋಯಿತು. ಕುವೈತಿನಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಜನ ಅಕ್ಕಪಕ್ಕದಲ್ಲಿ ವಾಸಿಸುತ್ತಾರೆ, ಒಂದೇ ಹೋಟೆಲಿನಲ್ಲಿ ಉಣ್ಣುತ್ತಾರೆ. ರೋಗಾಣುವಿಗೆ ಪಾಸ್‌ಪೋರ್ಟಿನ ಬಣ್ಣ ತಿಳಿಯದು.

ಯಾವಾಗ ಸಂಶಯಿಸಬೇಕು?

ಒಂದು ನಿದರ್ಶನವನ್ನು ಊಹಿಸಿಕೊಳ್ಳೋಣ. ಉಡುಪಿ ಕಡೆಯ ಯುವಕರೊಬ್ಬರು ಮಳೆಗಾಲದಲ್ಲಿ ಒಂದು ತಿಂಗಳ ರಜೆ ಮುಗಿಸಿ ಮಿರ್ಕಾಬಿನ ತಮ್ಮ ಕೋಣೆಗೆ ಮರಳಿದ್ದಾರೆ. ಆ ಕೋಣೆಯಲ್ಲಿ ಆರು ಮಂದಿ, ಅಡಿಗೆ ಸರದಿಯ ಮೇಲೆ. ಬಂದ ಹತ್ತನೆಯ ದಿನ ಸಣ್ಣ ಜ್ವರ, ತಲೆನೋವು. ಟೈಫಾಯ್ಡ್ ರೋಗಾಣು ಹೊಟ್ಟೆ ಸೇರಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಆದುದರಿಂದ ಊರಿನಲ್ಲಿ ತಗುಲಿದ ಸೋಂಕು ಕುವೈತಿನಲ್ಲಿ ತಲೆ ಎತ್ತುತ್ತದೆ. ಜ್ವರ ಮೆಟ್ಟಿಲು ಹತ್ತಿದಂತೆ ದಿನದಿಂದ ದಿನಕ್ಕೆ ಏರಿ 103, 104 ಡಿಗ್ರಿ ಮುಟ್ಟುತ್ತದೆ. ಹಸಿವೆ ಇಲ್ಲ, ನಾಲಿಗೆಯ ಮೇಲೆ ಬಿಳಿಯ ಲೇಪ, ಹೊಟ್ಟೆಯಲ್ಲಿ ಸಂಕಟ, ಮಲಬದ್ಧತೆ ಅಥವಾ ಭೇದಿ, ಕೆಲವರಿಗೆ ಒಣಕೆಮ್ಮು. ಜ್ವರದ ಪ್ರಮಾಣಕ್ಕೆ ಹೋಲಿಸಿದರೆ ನಾಡಿ ನಿಧಾನವಾಗಿರಬಹುದು.

ಇಲ್ಲಿಯವರೆಗೆ ಇದು ಟೈಫಾಯ್ಡ್‌ನ ಚಿತ್ರ. ನಿರೋಧಕವೋ ಅಲ್ಲವೋ ಎಂಬುದು ಇದರಿಂದ ತಿಳಿಯದು. ಅಷ್ಟೇಕೆ, ಇದು ಟೈಫಾಯ್ಡ್ ಹೌದೋ ಅಲ್ಲವೋ ಎಂದೂ ಖಚಿತವಾಗದು. ಕರಾವಳಿಯಿಂದ ಬಂದವರ ಜ್ವರ ಮಲೇರಿಯಾ ಇರಬಹುದು, ಡೆಂಗಿ ಇರಬಹುದು, ಇಲಿಜ್ವರ ಇರಬಹುದು. ಆಂಟಿಬಯಾಟಿಕ್ ಫಲಿಸದ ಜ್ವರವೆಲ್ಲ ನಿರೋಧಕ ಬ್ಯಾಕ್ಟೀರಿಯಾದ ಜ್ವರವಲ್ಲ. ಡೆಂಗಿ, ಫ್ಲೂ, ನೆಗಡಿ ಇವೆಲ್ಲ ವೈರಸ್ಸಿನ ರೋಗಗಳು. ಅವುಗಳ ಮೇಲೆ ಆಂಟಿಬಯಾಟಿಕ್‌ಗೆ ಕೆಲಸವೇ ಇಲ್ಲ. ಬೀಗವೇ ಬೇರೆಯಾದಾಗ ಕೀಲಿಕೈ ಸವೆದಿದೆ ಎನ್ನಲಾಗದು. ಅದಕ್ಕಾಗಿ ಊರಿನಿಂದ ಬಂದು ಜ್ವರ ಹಿಡಿದವರಿಗೆ ಮೊದಲ ದಿನವೇ ಮಲೇರಿಯಾ ಪರೀಕ್ಷೆ ಆಗಲೇಬೇಕು.

ಟೈಫಾಯ್ಡ್ ಎಂದು ಖಚಿತವಾಗಿ, ಸರಿಯಾದ ಪ್ರಮಾಣದಲ್ಲಿ ಔಷಧ ಆರಂಭವಾಯಿತೆನ್ನಿ. ಈಗ ದಿನಗಳ ಲೆಕ್ಕ ಮುಖ್ಯ. ರೋಗಾಣು ಪೂರ್ತಿಯಾಗಿ ಬಗ್ಗುವಂಥದ್ದಾದರೆ ಸಿಪ್ರೊಫ್ಲಾಕ್ಸಸಿನ್‌ನಿಂದ ಜ್ವರ ಸುಮಾರು ನಾಲ್ಕು ದಿನಗಳಲ್ಲಿ ಇಳಿಯುತ್ತಿತ್ತು. ಅಜಿತ್ರೋಮೈಸಿನ್‌ಗೆ ನಾಲ್ಕರಿಂದ ಆರು ದಿನ ಬೇಕಾದೀತು. ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಚೆನ್ನಾಗಿ ನಾಟುತ್ತಿದ್ದರೂ ಜ್ವರ ಪೂರ್ತಿ ಬಿಡಲು ಆರು ದಿನ, ಕೆಲವೊಮ್ಮೆ ಒಂದು ವಾರವೇ ಹಿಡಿಯಬಹುದು. ಎರಡನೆಯ ದಿನವೇ "ಮದ್ದು ನಾಟಲಿಲ್ಲ" ಎಂದು ವೈದ್ಯರನ್ನು ಬದಲಿಸುವುದು, ಮೂರನೆಯ ದಿನ ಇನ್ನೊಂದು ಆಂಟಿಬಯಾಟಿಕ್ ಬೇಡುವುದು ತಪ್ಪು. ಈ ಆತುರವೂ ನಿರೋಧಕತೆಯನ್ನು ಬೆಳೆಸುತ್ತದೆ.

ಹಾಗಾದರೆ ಎಚ್ಚರಗೊಳ್ಳಬೇಕಾದದ್ದು ಯಾವಾಗ? ಏರುತ್ತಿದ್ದ ಜ್ವರದ ಶಿಖರ ಮೂರು ನಾಲ್ಕು ದಿನಗಳಾದರೂ ಸ್ವಲ್ಪವೂ ತಗ್ಗದಿದ್ದರೆ. ಐದಾರು ದಿನ ಕಳೆದರೂ ಹಸಿವೆ ಮರಳದೆ, ಸುಸ್ತು ಹೆಚ್ಚುತ್ತ ಹೋದರೆ. ಇಳಿದ ಜ್ವರ ಔಷಧ ಇನ್ನೂ ನಡೆಯುತ್ತಿರುವಾಗಲೇ ಮತ್ತೆ ಏರಿದರೆ. ಈ ಮೂರೂ ವೈದ್ಯರಿಗೆ ತಕ್ಷಣ ತಿಳಿಸಬೇಕಾದ ಸೂಚನೆಗಳು. ಔಷಧ ಮುಗಿಸಿ ಎರಡು ಮೂರು ವಾರಗಳ ಮೇಲೆ ಜ್ವರ ಮರುಕಳಿಸುವುದೂ ಉಂಟು. ಅದು ನಿರೋಧಕತೆ ಇಲ್ಲದಾಗಲೂ ಆಗಬಹುದಾದರೂ ಮತ್ತೆ ಕಲ್ಚರ್ ಮಾಡಿಸುವುದು ಅವಶ್ಯ.

ಇದಕ್ಕಾಗಿ ನಾನು ಎಲ್ಲರಲ್ಲಿಯೂ ಕೇಳಿಕೊಳ್ಳುವುದು ಒಂದು ಸಣ್ಣ ಕೆಲಸ. ಜ್ವರ ಹಿಡಿದ ದಿನದಿಂದ ಒಂದು ಕಾಗದದಲ್ಲಿ ದಿನಕ್ಕೆ ನಾಲ್ಕು ಬಾರಿ ಜ್ವರದ ಅಳತೆ, ನುಂಗಿದ ಮಾತ್ರೆಯ ಹೆಸರು, ಪ್ರಮಾಣ, ಗಂಟೆ ಬರೆದಿಡಿ. ಪ್ಯಾರಸಿಟಮಾಲ್ ತೆಗೆದುಕೊಂಡಿದ್ದರೆ ಅದನ್ನೂ ಬರೆಯಿರಿ. ಏಕೆಂದರೆ ಅದು ಜ್ವರವನ್ನು ಕೆಲ ಗಂಟೆಗಳ ಕಾಲ ಮುಚ್ಚಿಡುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. "ಬರುತ್ತೆ ಹೋಗುತ್ತೆ ಡಾಕ್ಟರೇ" ಎಂಬ ವರ್ಣನೆಗಿಂತ ಈ ಕಾಗದ ನೂರು ಪಾಲು ಮೇಲು.

ಮೊದಲ ಮಾತ್ರೆಗಿಂತ ಮೊದಲು

ಇನ್ನು ಎರಡನೆಯ ದಾರಿ. ರೋಗಿಯ ರಕ್ತವನ್ನು ಪೋಷಕ ದ್ರವದ ಸೀಸೆಯಲ್ಲಿಟ್ಟು, ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಬೆಳೆದದ್ದರ ಮೇಲೆ ಒಂದೊಂದೇ ಔಷಧವನ್ನು ಪ್ರಯೋಗಿಸಿ ನೋಡುವುದೇ ಕಲ್ಚರ್ ಮತ್ತು ಸೆನ್ಸಿಟಿವಿಟಿ ಪರೀಕ್ಷೆ. ಗದ್ದೆಗೆ ಬೀಜ ಬಿತ್ತಿ ಮೊಳಕೆ ನೋಡುವಂತೆ. ಇದಕ್ಕೆ ಎರಡು ಮೂರು ದಿನ, ಕೆಲವೊಮ್ಮೆ ಹೆಚ್ಚು ಹಿಡಿಯುತ್ತದೆ. ಟೈಫಾಯ್ಡ್‌ನಲ್ಲಿ ಮೊದಲ ವಾರ ಇದಕ್ಕೆ ಪ್ರಶಸ್ತ ಕಾಲ. ಆಗಲೂ ಸುಮಾರು ಅರ್ಧದಷ್ಟು ಅಥವಾ ಸ್ವಲ್ಪ ಹೆಚ್ಚು ರೋಗಿಗಳಲ್ಲಿ ಮಾತ್ರ ರೋಗಾಣು ಸಿಗುತ್ತದೆ.

ಈ ಅರ್ಧ ಅವಕಾಶವನ್ನೂ ನಾವೇ ಹಾಳು ಮಾಡಿಕೊಳ್ಳುತ್ತೇವೆ. ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಹಪ್ಪಳ, ಉಪ್ಪಿನಕಾಯಿಗಳ ಜೊತೆಗೆ ನಾಲ್ಕು ಸ್ಟ್ರಿಪ್ ಆಂಟಿಬಯಾಟಿಕ್ ಇರುವುದು ನಮ್ಮಲ್ಲಿ ರೂಢಿ. ಕೋಣೆಯಲ್ಲಿ ಒಬ್ಬನಿಗೆ ಜ್ವರ ಬಂದರೆ ಪಕ್ಕದ ಮಂಚದವನು ಪ್ರೀತಿಯಿಂದಲೇ ಎರಡು ಮಾತ್ರೆ ಕೊಡುತ್ತಾನೆ. ಆ ಎರಡು ಮಾತ್ರೆ ರೋಗವನ್ನು ಗುಣಪಡಿಸಲಾರವು. ಆದರೆ ಸೀಸೆಯಲ್ಲಿ ರೋಗಾಣು ಬೆಳೆಯದಂತೆ ತಡೆಯಲು ಅಷ್ಟು ಸಾಕು. ಆಮೇಲೆ ಆಸ್ಪತ್ರೆಗೆ ಬಂದಾಗ ವೈದ್ಯರು ಕತ್ತಲಲ್ಲಿ ಬಾಣ ಬಿಡಬೇಕಾಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ವೈಡಾಲ್ ಪರೀಕ್ಷೆಯ ಬಗ್ಗೆಯೂ ಎರಡು ಮಾತು. 1896ರಷ್ಟು ಹಳೆಯದಾದ ಈ ಪರೀಕ್ಷೆಯನ್ನು ಊರಿನಲ್ಲಿ ಇಂದಿಗೂ ಧಾರಾಳವಾಗಿ ಮಾಡಿಸುತ್ತಾರೆ. ಅದು ಅಳೆಯುವುದು ರೋಗಾಣುವನ್ನಲ್ಲ, ನಮ್ಮ ರಕ್ತದಲ್ಲಿರುವ ಪ್ರತಿಕಾಯಗಳನ್ನು. ಟೈಫಾಯ್ಡ್ ಹೆಚ್ಚಾಗಿರುವ ಪ್ರದೇಶದಲ್ಲಿ ಬೆಳೆದವರಲ್ಲಿ ಹಳೆಯ ಸೋಂಕಿನ ನೆನಪಾಗಿ ಪ್ರತಿಕಾಯಗಳು ಮೊದಲೇ ಇರಬಹುದು. ಆದುದರಿಂದ ಒಂದೇ ಒಂದು ವೈಡಾಲ್ ವರದಿಯನ್ನು ನೆಚ್ಚಿ ಟೈಫಾಯ್ಡ್ ಎನ್ನುವುದು ಅಪಾಯಕರ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಔಷಧ ನಾಟುತ್ತದೆ ಎಂಬುದನ್ನು ವೈಡಾಲ್ ಎಂದಿಗೂ ಹೇಳದು.

ಕಲ್ಚರ್ ವರದಿ ಕೈಗೆ ಬಂದಾಗ ಅದರ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ಪ್ರತಿ ಔಷಧದ ಎದುರು ಎಸ್, ಐ ಅಥವಾ ಆರ್ ಎಂಬ ಅಕ್ಷರವಿರುತ್ತದೆ. ಎಸ್ ಎಂದರೆ ರೋಗಾಣು ಬಗ್ಗುತ್ತದೆ, ಆರ್ ಎಂದರೆ ಬಗ್ಗದು, ಐ ಎಂದರೆ ನಡುವಿನದು. ಸಾಲು ಸಾಲು ಆರ್ ಕಂಡರೆ ಧೃತಿಗೆಡಬೇಕಾಗಿಲ್ಲ. ವೈದ್ಯರಿಗೆ ಬೇಕಾದದ್ದು ಒಂದು ಒಳ್ಳೆಯ ಎಸ್ ಮಾತ್ರ.

ಇತರ ಸೋಂಕುಗಳು

ಟೈಫಾಯ್ಡ್‌ಗೆ ಹೇಳಿದ ತತ್ವವೇ ಮಿಕ್ಕ ಸೋಂಕುಗಳಿಗೂ ಅನ್ವಯಿಸುತ್ತದೆ. ದಿನಗಳ ಲೆಕ್ಕ ಮಾತ್ರ ಬೇರೆ.

ಮೂತ್ರದ ಸೋಂಕು ನಮ್ಮ ಹೆಣ್ಣುಮಕ್ಕಳಲ್ಲಿ, ಮಧುಮೇಹಿಗಳಲ್ಲಿ ಸಾಮಾನ್ಯ. ಉರಿಮೂತ್ರ, ಪದೇ ಪದೇ ಹೋಗಬೇಕೆನಿಸುವುದು, ಕೆಳಹೊಟ್ಟೆ ನೋವು ಇದರ ಗುರುತು. ಸರಿಯಾದ ಔಷಧದಿಂದ ಎರಡು ದಿನಗಳಲ್ಲಿ ಉರಿ ತಗ್ಗಬೇಕು. ತಗ್ಗದಿದ್ದರೆ, ಅಥವಾ ತಿಂಗಳೊಪ್ಪತ್ತಿನಲ್ಲಿ ಮರುಕಳಿಸಿದರೆ, ಮೂತ್ರದ ಕಲ್ಚರ್ ಆಗಲೇಬೇಕು. ಪೆನಿಸಿಲಿನ್ ಮತ್ತು ಸೆಫಲೋಸ್ಪೋರಿನ್ ಗುಂಪಿನ ಔಷಧಗಳನ್ನು ಒಡೆಯುವ ಕಿಣ್ವವುಳ್ಳ ಇ. ಕೋಲೈ ಬ್ಯಾಕ್ಟೀರಿಯಾ ಭಾರತದಲ್ಲಿ ವ್ಯಾಪಕವಾಗಿದೆ. ಚಳಿಜ್ವರ, ಸೊಂಟದ ಮೇಲ್ಭಾಗದ ಪಕ್ಕೆಯಲ್ಲಿ ನೋವು, ವಾಂತಿ ಸೇರಿಕೊಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದು ತಿಳಿದು ಅಂದೇ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಉರಿಮೂತ್ರವನ್ನು ಒಂದು ದಿನವೂ ಅಲಕ್ಷಿಸಬಾರದು.

ಚರ್ಮದ ಕುರು, ಕೀವುಗಡ್ಡೆಗಳಿಗೆ ಹಲವು ಬಾರಿ ಸ್ಟಾಫಿಲೋಕಾಕಸ್ ಕಾರಣ. ಮೆಥಿಸಿಲಿನ್‌ಗೆ ಬಗ್ಗದ ಅದರ ತಳಿ 1961ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ವರದಿಯಾಯಿತು. ಇಂದು ಅದು ಆಸ್ಪತ್ರೆಯ ಹೊರಗೂ ಇದೆ. ಕೆಂಪಾದ ಜಾಗದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆದಿಡಿ. ಔಷಧ ಆರಂಭಿಸಿ ಎರಡು ದಿನ ಕಳೆದರೂ ಕೆಂಪು ಗೆರೆ ದಾಟಿ ಹರಡುತ್ತಿದ್ದರೆ, ಅಥವಾ ಕುರು ಮೇಲಿಂದ ಮೇಲೆ ಬರುತ್ತಿದ್ದರೆ, ಒಂದೇ ಕೋಣೆಯಲ್ಲಿ ಹಲವರಿಗೆ ಬರುತ್ತಿದ್ದರೆ, ಕೀವಿನ ಕಲ್ಚರ್ ಕೇಳಿ. ಹಿಸುಕಬೇಡಿ. ಟವೆಲ್, ಕ್ಷೌರದ ಬ್ಲೇಡು ಹಂಚಿಕೊಳ್ಳಬೇಡಿ.

ಕ್ಷಯದ ಮಾತು ಬೇರೆ. ಅಲ್ಲಿ ಲೆಕ್ಕ ದಿನಗಳದ್ದಲ್ಲ, ವಾರಗಳದ್ದು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿತ ಇದ್ದರೆ ಕಫ ಪರೀಕ್ಷೆ ಬೇಕು. ಹಿಂದೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟವರಲ್ಲಿ, ನಿರೋಧಕ ಕ್ಷಯದ ರೋಗಿಯೊಡನೆ ವಾಸಿಸಿದವರಲ್ಲಿ ನಿರೋಧಕತೆಯ ಸಂಶಯ ಮೊದಲ ದಿನವೇ ಇರಬೇಕು. ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೆಯೇ ಎಂಬುದನ್ನು ಈಗ ಯಂತ್ರವೊಂದು ಸುಮಾರು ಎರಡು ಗಂಟೆಗಳಲ್ಲಿ ಹೇಳಬಲ್ಲದು.

ಕೊನೆಯದಾಗಿ, ಊರಿನ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡು ಮರಳಿದವರು. 2008ರಲ್ಲಿ, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ಭಾರತ ಮೂಲದ ರೋಗಿಯೊಬ್ಬರಲ್ಲಿ ಕಾರ್ಬಪೆನೆಮ್ ಔಷಧಗಳನ್ನೂ ಒಡೆಯುವ ಕಿಣ್ವ ಪತ್ತೆಯಾಯಿತು. ಅದಕ್ಕೆ ನ್ಯೂಡೆಲ್ಲಿಯ ಹೆಸರಿಟ್ಟದ್ದು ನಮ್ಮ ದೇಶದಲ್ಲಿ ದೊಡ್ಡ ವಿವಾದವನ್ನೇ ಎಬ್ಬಿಸಿತು. ಹೆಸರಿನ ಜಗಳ ಏನೇ ಇರಲಿ, ಅದೇ ಕಿಣ್ವವುಳ್ಳ ಬ್ಯಾಕ್ಟೀರಿಯಾ ಕುವೈತಿನ ಆಸ್ಪತ್ರೆಯ ರೋಗಿಗಳಲ್ಲಿಯೂ ಇರುವುದು 2012ರಲ್ಲಿ ವರದಿಯಾಯಿತು. ಶಸ್ತ್ರಕ್ರಿಯೆಯ ಗಾಯದಿಂದ ಕೀವು, ಜ್ವರ ಕಾಣಿಸಿದರೆ "ಇಂತಿಂಥ ಆಸ್ಪತ್ರೆಯಲ್ಲಿ ಇಷ್ಟು ದಿನ ಇದ್ದೆ" ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ತಡೆಯಲಾಗದ ಚಿಹ್ನೆಗಳು

ಮೇಲೆ ಹೇಳಿದ ದಿನಗಳ ಲೆಕ್ಕವನ್ನು ಬದಿಗಿಟ್ಟು, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳಿವೆ. ಮಾತು ತಡವರಿಸುವುದು, ಗೊಂದಲ, ಎಬ್ಬಿಸಿದರೂ ಏಳದ ಮಂಪರು, ಏದುಸಿರು, ಕೈಕಾಲು ತಣ್ಣಗಾಗಿ ಬಣ್ಣಗೆಡುವುದು, ಅರ್ಧ ದಿನ ಮೂತ್ರವೇ ಹೋಗದಿರುವುದು, ನಿಂತರೆ ತಲೆಸುತ್ತಿ ಬೀಳುವುದು. ಇವು ಸೋಂಕು ರಕ್ತದ ಮೂಲಕ ಇಡೀ ಶರೀರವನ್ನು ಆಕ್ರಮಿಸಿದ ಸೂಚನೆಗಳು. ಟೈಫಾಯ್ಡ್‌ನ ಎರಡು ಮೂರನೆಯ ವಾರದಲ್ಲಿ ಹಠಾತ್ತನೆ ತೀವ್ರ ಹೊಟ್ಟೆನೋವು ಅಥವಾ ಕಪ್ಪು ಮಲ ಕಂಡರೆ ಕರುಳಿನಲ್ಲಿ ರಂಧ್ರ ಅಥವಾ ರಕ್ತಸ್ರಾವ ಆಗಿರಬಹುದು. ಎಳೆಯ ಮಕ್ಕಳಲ್ಲಿ ಹಾಲು ಕುಡಿಯದಿರುವುದು, ಮೈ ಬಿಟ್ಟಂತೆ ಬಿದ್ದಿರುವುದು, ಫಿಟ್ಸ್ ಇವೇ ಎಚ್ಚರಿಕೆ. ಕುವೈತಿನಲ್ಲಿ ತುರ್ತು ದೂರವಾಣಿ ಸಂಖ್ಯೆ 112. ಮಿರ್ಕಾಬಿನಲ್ಲಿರುವವರಿಗೆ ಅಮೀರಿ ಆಸ್ಪತ್ರೆ ದೂರವಿಲ್ಲ. ಸಂಬಳ ಕಡಿತವಾದೀತು, ಮುದೀರ್ ಸಿಟ್ಟಾದಾರು ಎಂಬ ಅಂಜಿಕೆಯಿಂದ ಕೋಣೆಯಲ್ಲೇ ಮಲಗಿ ದಿನ ತಳ್ಳುವ ಹುಡುಗರಿದ್ದಾರೆ. ಅವರ ಪಕ್ಕದ ಮಂಚದಲ್ಲಿ ಮಲಗುವವರೇ ಈ ಚಿಹ್ನೆಗಳನ್ನು ಮೊದಲು ಕಾಣುವವರು. ರೋಗಿಯ ಒಪ್ಪಿಗೆಗಾಗಿ ಕಾಯಬೇಡಿ, ಕರೆದೊಯ್ಯಿರಿ.

ನಮ್ಮ ಪಾಲಿನ ಕರ್ತವ್ಯ

ವೈದ್ಯರ ಬಳಿ ಹೋದಾಗ ನಾಲ್ಕು ವಿಷಯಗಳನ್ನು ತಾವಾಗಿಯೇ ಹೇಳಿ: ಇತ್ತೀಚೆಗೆ ಎಲ್ಲಿಗೆ ಪ್ರಯಾಣ ಮಾಡಿದಿರಿ, ಕಳೆದ ಮೂರು ತಿಂಗಳಲ್ಲಿ ಯಾವ ಆಂಟಿಬಯಾಟಿಕ್ ತೆಗೆದುಕೊಂಡಿರಿ, ಒಂದು ವರ್ಷದೊಳಗೆ ಆಸ್ಪತ್ರೆಯಲ್ಲಿ ಮಲಗಿದ್ದಿರಾ, ಹಿಂದಿನ ಕಲ್ಚರ್ ವರದಿ ಇದೆಯೇ. ಎರಡು ಮಾತ್ರೆ ನುಂಗಿ ಬಂದಿದ್ದರೆ ಅದನ್ನೂ ಹೇಳಿ. ಬಯ್ಯುತ್ತಾರೆಂದು ಮುಚ್ಚಿಟ್ಟರೆ ನಷ್ಟ ನಿಮಗೇ.

ಭಾರತದಲ್ಲಿ ಮಾರಾಟವಾಗುವ ಆಂಟಿಬಯಾಟಿಕ್ ಸ್ಟ್ರಿಪ್‌ಗಳ ಹಿಂಬದಿಯಲ್ಲಿ ಉದ್ದನೆಯ ಕೆಂಪು ಗೆರೆ ಕಾಣುತ್ತದೆ. ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದೆಂಬುದು ಅದರ ಅರ್ಥ. 2014ರ ಮಾರ್ಚ್‌ನಿಂದ ಹಲವು ಪ್ರಬಲ ಆಂಟಿಬಯಾಟಿಕ್‌ಗಳನ್ನು ಎಚ್-1 ಎಂಬ ಪಟ್ಟಿಗೆ ಸೇರಿಸಿ, ಅಂಗಡಿಯವರು ಮಾರಾಟದ ದಾಖಲೆ ಇಡಬೇಕೆಂದು ಕಾನೂನು ಮಾಡಲಾಗಿದೆ. ಊರಿನಿಂದ ಬರುವವರಿಗೆ ಇವನ್ನು ತರಲು ಹೇಳಬೇಡಿ. ಉಳಿದ ಮಾತ್ರೆಯನ್ನು ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ. ಎಷ್ಟು ದಿನ ಸೇವಿಸಬೇಕೆಂದು ವೈದ್ಯರು ಹೇಳಿದ್ದಾರೋ ಅಷ್ಟು ದಿನ ಸೇವಿಸಿ, ಕಡಿಮೆಯೂ ಬೇಡ, ಹೆಚ್ಚೂ ಬೇಡ.

ಕೋಣೆಗಳಲ್ಲಿ ಸರದಿಯ ಅಡಿಗೆ ಮಾಡುವವರಿಗೆ ಒಂದು ವಿಶೇಷ ಮಾತು. ಟೈಫಾಯ್ಡ್ ಬಂದು ಹೋದವರಲ್ಲಿ ಕೆಲವರು, ನೂರಕ್ಕೆ ಒಂದರಿಂದ ಐದು ಮಂದಿ, ತಾವು ಆರೋಗ್ಯವಾಗಿದ್ದರೂ ಪಿತ್ತಕೋಶದಲ್ಲಿ ರೋಗಾಣುವನ್ನು ಹೊತ್ತು ಮಲದ ಮೂಲಕ ಹೊರಹಾಕುತ್ತಿರುತ್ತಾರೆ. ಜ್ವರ ಬಂದು ಹೋದವರು ವೈದ್ಯರು ಒಪ್ಪುವವರೆಗೆ ಅಡಿಗೆಯ ಸರದಿಯಿಂದ ದೂರವಿರಲಿ. ಶೌಚದ ನಂತರ, ಅಡಿಗೆಗೆ ಮುನ್ನ ಸಾಬೂನಿನಿಂದ ಕೈ ತೊಳೆಯುವುದು ಹಳೆಯ ಮಾತಾದರೂ ಅದಕ್ಕೆ ಬಗ್ಗದ ನಿರೋಧಕ ತಳಿ ಇನ್ನೂ ಹುಟ್ಟಿಲ್ಲ.

ಎಲ್ಲಕ್ಕಿಂತ ಮೇಲಾದದ್ದು ಸೋಂಕೇ ಬಾರದಂತೆ ನೋಡಿಕೊಳ್ಳುವುದು. ನಿರೋಧಕ ಟೈಫಾಯ್ಡ್ ಎದ್ದದ್ದು ಸಿಂಧ್‌ನ ಹೈದರಾಬಾದಿನಲ್ಲಾದರೆ, ಅದಕ್ಕೆ ತಡೆಯೊಡ್ಡಿದ ಲಸಿಕೆ ಬಂದದ್ದು ನಮ್ಮ ಹೈದರಾಬಾದಿನಿಂದ. ಅಲ್ಲಿಯ ಭಾರತ್ ಬಯೋಟೆಕ್ ತಯಾರಿಸಿದ ಟೈಫಾಯ್ಡ್ ಕಾಂಜುಗೇಟ್ ಲಸಿಕೆಗೆ 2017ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ ದೊರೆಯಿತು. 2019ರಲ್ಲಿ ಪಾಕಿಸ್ತಾನ ಅದನ್ನು ತನ್ನ ಮಕ್ಕಳ ಸಾರ್ವತ್ರಿಕ ಲಸಿಕೆಗಳ ಸಾಲಿಗೆ ಸೇರಿಸಿತು. ಹಾಗೆ ಮಾಡಿದ ಮೊದಲ ದೇಶ ಅದೇ. ಆರು ತಿಂಗಳು ತುಂಬಿದ ಮಕ್ಕಳಿಗೂ ಈ ಲಸಿಕೆ ಕೊಡಬಹುದು. ರಜೆಗೆ ಊರಿಗೆ ಹೊರಡುವ ಕುಟುಂಬಗಳು ಕನಿಷ್ಠ ಎರಡು ವಾರ ಮೊದಲೇ ತಮ್ಮ ವೈದ್ಯರೊಡನೆ ಈ ಬಗ್ಗೆ ಮಾತನಾಡಲಿ. ಪ್ಯಾರಾಟೈಫಾಯ್ಡ್‌ನಿಂದ ಇದು ರಕ್ಷಿಸದು, ಆದುದರಿಂದ ಕುದಿಸಿದ ನೀರು, ಬಿಸಿಯಾದ ಊಟದ ನಿಯಮ ತಪ್ಪಕೂಡದು.

ನಿರಾಶೆಗೆ ಕಾರಣವಿಲ್ಲ. ಕ್ಲೋರಾಂಫೆನಿಕಾಲ್, ಕೋಟ್ರೈಮಾಕ್ಸಜೋಲ್‌ಗಳ ಬಳಕೆ ಟೈಫಾಯ್ಡ್‌ಗೆ ಕಡಿಮೆಯಾದ ಮೇಲೆ, ಭಾರತದ ಅನೇಕ ಕಡೆಗಳಲ್ಲಿ ಅವಕ್ಕೆ ಮತ್ತೆ ಬಗ್ಗುವ ತಳಿಗಳು ಹೆಚ್ಚಿದವು. ಔಷಧಕ್ಕೆ ವಿಶ್ರಾಂತಿ ಕೊಟ್ಟರೆ ಅದರ ಬಲ ಒಂದಿಷ್ಟು ಮರಳಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಬೇಡದ ಮಾತ್ರೆಯನ್ನು ನುಂಗದಿರುವ ಪ್ರತಿಯೊಬ್ಬರೂ ಈ ಬಲವನ್ನು ಮುಂದಿನವರಿಗಾಗಿ ಉಳಿಸುತ್ತಾರೆ. ಆದುದರಿಂದ ಜ್ವರ ಬಂದಾಗ ಮೊದಲು ಥರ್ಮಾಮೀಟರ್ ಮತ್ತು ಕಾಗದ, ಆಮೇಲೆ ರಕ್ತಪರೀಕ್ಷೆ, ಅದರ ನಂತರವೇ ಮಾತ್ರೆ. ಈ ಕ್ರಮವನ್ನು ನಿಮ್ಮ ಮನೆಗಳಲ್ಲಿಯೂ ಕೋಣೆಗಳಲ್ಲಿಯೂ ರೂಢಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.